ನಮ್ಮ ಗಣಿತದ ಮೇಷ್ಟ್ರು ಪ್ರಶಸ್ತಿ ಬೇಡ ಅಂದದ್ದು

ಯಾರಾದರೂ ಏನಾದರೂ ಬೇಕು ಅಂದರೆ ನನಗೆ ಅರ್ಥವಾಗುತ್ತೆ. ಬೇಡ ಅಂದರೆ ಮಾತ್ರ ತಲೆ ಕೆಡುತ್ತೆ. ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಪರೀಕ್ಷಾ ವಿಭಾಗದ ಗುಮಾಸ್ತ ನಾನು; ಅನುಮಾನ ಪಡೋದಕ್ಕೇ ಸಂಬಳ ಕೊಡ್ತಾರೆ. ಅಂಥವನ ಕಣ್ಣೆದುರಿಗೇ ಇಂಥವೆಲ್ಲ ನಡೀತಾನೇ ಇರ್ತವೆ.

ಎರಡು ಸಲ ಬೇಡ

ನಮ್ಮ ಗಣಿತದ ಮೇಷ್ಟ್ರು ಯಾರಿಂದಲೂ ಬಿಡಿಸೋಕಾಗದ ಯಾವುದೋ ಹಳೇ ಸಮಸ್ಯೆ ಬಿಡಿಸಿ, ಹೊರದೇಶದ ಪತ್ರಿಕೆಗೆ ಕಳಿಸಿದ್ದರು. ಅಲ್ಲಿಂದ ದೊಡ್ಡ ಪ್ರಶಸ್ತಿ ಅಂತ ಕಾಗದ ಬಂತು. ಮೇಷ್ಟ್ರು ಓದಿ, ಮಡಚಿ, "ಬೇಡ ಅಂತ ಟೈಪ್ ಮಾಡ್ರಿ" ಅಂದರು.

ಪ್ರಿನ್ಸಿಪಾಲರು ನನ್ನನ್ನ ಒಳಗೆ ಕರೆದು ಬಾಗಿಲು ಹಾಕಿಕೊಂಡರು. "ಇದಕ್ಕಿಂತ ದೊಡ್ಡದು ಬರ್ತಾ ಇದೆಯೇನ್ರೀ?"

ಮುಂದಿನ ತಿಂಗಳು ಅದೂ ಬಂತು. ಅದಕ್ಕೂ ಮೇಷ್ಟ್ರು ಬೇಡ ಅಂದರು. "ಇದರಲ್ಲಿ ಏನೋ ಇದೆ, ಅವರ ಸರ್ವೀಸ್ ರಿಜಿಸ್ಟರ್ ತನ್ನಿ" ಅಂದರು ಪ್ರಿನ್ಸಿಪಾಲರು. ಇಬ್ಬರೂ ಪುಟಪುಟ ತಿರುವಿದೆವು. ಒಂದು ತಪ್ಪೂ ಇರಲಿಲ್ಲ. ಆಗ ನಮ್ಮ ಅನುಮಾನ ಗಟ್ಟಿಯಾಯಿತು.

ಒಪ್ಕಂಡ್ರು

ಮೇಷ್ಟ್ರ ಮನೆ ಆಂಡರ್ಸನ್‌ಪೇಟೆ. ಅಲ್ಲಿಯ ಟೀ ಅಂಗಡಿಯಲ್ಲಿ ಚಾಂಪಿಯನ್ ರೀಫ್ಸ್‌ನ ಒಬ್ಬ ತಾತ, ಹಿಂದೆ ಅಲ್ಲಿಯ ಚಿನ್ನದ ಗಣಿಗೆ ಇಳಿದು ದುಡಿದವನು, ಅವರನ್ನ ಹಿಡಿದುಕೊಂಡ.

"ಸಾರ್, ನಿಜ ಏಳಿ. ಚಿನ್ನ ಎಲ್ಲದೆ ಅಂತ ಲೆಕ್ಕ ಸಿಕ್ಬುಟ್ಟದೆ ಅಲ್ವಾ? ಅದ್ಕೇ ಪ್ರಶಸ್ತಿ ಬ್ಯಾಡ ಅಂದಿದ್ದೀರಿ."

"ಇಲ್ಲಪ್ಪ, ಅದು ಬರೀ ಸಂಖ್ಯೆಗಳ ಲೆಕ್ಕ."

"ನಾನೂ ಒಳಗೆ ಇಳ್ದೋನು ಸಾರ್. ಚಿನ್ನ ಸಿಕ್ದೋನು ಯಾವತ್ತೂ ಸಿಕ್ತು ಅನ್ನಲ್ಲ."

ಮೇಷ್ಟ್ರಿಗೆ ಬಂಗಾರಪೇಟೆ ರೈಲಿಗೆ ಹೊತ್ತಾಗಿತ್ತು. "ಸರಿಯಪ್ಪ, ಸಿಕ್ತು ಅಂತಲೇ ಇಟ್ಕೋ" ಅಂದರು.

"ನೋಡಿದ್ರಾ, ಒಪ್ಕಂಡ್ರು!" ಅಂತ ತಾತ ಎದ್ದೇಬಿಟ್ಟ. ಆವತ್ತಿನಿಂದ ಮೇಷ್ಟ್ರು ಎಲ್ಲಿ ಸೈಕಲ್ ನಿಲ್ಲಿಸಿದರೂ, ಅವರು ಹೋದ ಮೇಲೆ ಇಬ್ಬರು ಬಂದು ಕಾಲಲ್ಲಿ ಮಣ್ಣು ಕೆದಕಿ ನೋಡೋರು.

ಹಕ್ಕುದಾರರು

ಪ್ರಶಸ್ತಿಯವರು ಬಿಡಬೇಕಲ್ಲ, ಕಾರಣ ಕೇಳಿ ಬರೆದರು. ಮೇಷ್ಟ್ರು ಉತ್ತರ ಹೇಳಿದರು, ನಾನು ಟೈಪ್ ಮಾಡಿದೆ: "ಇದರ ಮುಖ್ಯವಾದ ಹೆಜ್ಜೆ ನನ್ನದಲ್ಲ ಅನಿಸುತ್ತಿದೆ. ಹಿಂದೆ ಎಲ್ಲೋ ನೋಡಿದ್ದೇನೆ. ಅದು ಯಾರದು ಅಂತ ಹುಡುಕುತ್ತಿದ್ದೇನೆ. ಸಿಗುವವರೆಗೂ ನಾನು ಮುಟ್ಟುವುದಿಲ್ಲ."

ನನ್ನ ಬಾಯಿ ಸುಮ್ಮನಿರಬೇಕಲ್ಲ! ಮಧ್ಯಾಹ್ನದ ಊಟಕ್ಕೆ ಮೊದಲೇ ಅದು ಯಾರದು ಅಂತ ಎಲ್ಲರಿಗೂ ಗೊತ್ತಾಗಿತ್ತು, ಅವರವರದೇ. ಬೆಂಗಳೂರಿನ ಒಬ್ಬ ಪ್ರೊಫೆಸರ್ ಫೋನ್ ಮಾಡಿ, ಸೆಮಿನಾರಿನ ಊಟದಲ್ಲಿ ಸಾರು ಬಡಿಸಿಕೊಳ್ಳುವಾಗ ತಾವೇ ಅದನ್ನ ಹೇಳಿದ್ದಾಗಿ ಜ್ಞಾಪಿಸಿದರು. ಪ್ರಿನ್ಸಿಪಾಲರು, "ನಾನು ರಜೆ ಕೊಡದಿದ್ದರೆ ಆ ಮನುಷ್ಯ ಯೋಚನೆ ಯಾವಾಗ ಮಾಡ್ತಿದ್ದ?" ಅಂದರು.

"ಆ ಲೇಖನ ಜೆರಾಕ್ಸ್ ಮಾಡಿದ್ದು ನಾನಲ್ವಾ ಸರ್?" ಅಂದೆ.

"ಒಂದು ಪುಟ ಬಿಟ್ಟಿದ್ರಿ. ನಿಮ್ಮ ಹೆಸರು ಕೊನೇಲಿ ಹಾಕೋಣ."

ಕೆಂಪು ಶಾಯಿ

ಒಂದು ದಿನ ಸಂಜೆ ರೆಕಾರ್ಡ್ ರೂಮಿನಲ್ಲಿ ಸದ್ದಾಯಿತು. ನೋಡಿದರೆ ಮೇಷ್ಟ್ರು! ಹಳೇ ಟೆಸ್ಟ್ ಪೇಪರಿನ ಕಟ್ಟು ಬಿಚ್ಚುತ್ತಿದ್ದಾರೆ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಬೀರು ಹಿಂದೆ ನಿಂತೆ. ಒಂದು ಉತ್ತರಪತ್ರಿಕೆ ಹೊರಗೆಳೆದು, ಅವರು ನೆಲದ ಮೇಲೇ ಕೂತುಬಿಟ್ಟರು.

ಹತ್ತಿರ ಹೋದೆ. ಯಾವುದೋ ವರ್ಷ ಪಕ್ಕದ ಹಳ್ಳಿಯ ಹುಡುಗಿ ಬರೆದಿದ್ದು. ಅರ್ಧ ಪುಟ ಉತ್ತರ, ಕೆಳಗೆ ಮೇಷ್ಟ್ರದೇ ಕೆಂಪು ಶಾಯಿ: "ನಕಲು. ಸೊನ್ನೆ."

"ಪುಸ್ತಕದಲ್ಲಿ ಇಲ್ಲದ್ದು ಬರೆದಿದ್ಲು ಅಂತ ಸೊನ್ನೆ ಕೊಟ್ಟೆ ಕಣ್ರೀ. ವರ್ಷಗಳಾದ ಮೇಲೆ ಅದೇ ನನ್ನ ತಲೆಗೆ ಬಂದಾಗ, ಆಹಾ ನಾನೇ ಕಂಡುಹಿಡಿದೆ ಅಂತ ಕುಣಿದೆ." ಅವರ ಕಣ್ಣಲ್ಲಿ ನೀರಿತ್ತು. ನನಗೂ ಸಂಕಟವಾಯಿತು. ಆದರೂ ಹಾಳು ಬುದ್ಧಿ ಎಲ್ಲಿ ಹೋಗುತ್ತೆ?

"ನಿಜವಾಗ್ಲೂ ಯಾರದ್ದೋ ನೋಡಿ ಬರೆದಿದ್ರೆ ಸರ್?"

"ಯಾರದ್ದು ನೋಡ್ತಾಳ್ರೀ? ಆವತ್ತು ಇಡೀ ಪ್ರಪಂಚದಲ್ಲಿ ಇನ್ಯಾರಿಗೂ ಅದು ಗೊತ್ತಿರಲಿಲ್ಲ!"

ಹೇಳಿಕಳಿಸಿದ ವಾರಕ್ಕೆ ಆಕೆ ಬಂದಳು. ಈಗ ಊರಿನ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡೋ ಕೆಲಸ. ಹಾಲಿಗೆ ನೀರು ಹಾಕಿದವರನ್ನ ನೋಡುವ ಹಾಗೇ ನಮ್ಮನ್ನೂ ನೋಡಿದಳು. ಮೇಷ್ಟ್ರು ಎಲ್ಲ ಹೇಳಿ, "ಲೇಖನಕ್ಕೆ ನಿನ್ನ ಹೆಸರೇ ಮೊದಲು ಬರುತ್ತಮ್ಮ. ಪ್ರಶಸ್ತೀನೂ ನಿಂದೇ" ಅಂದರು.

"ಅದೆಲ್ಲ ಆಮೇಕೆ ನೋಡಾನ ಸಾ. ಮೊದ್ಲು ನಕಲು ಅಂದಿದ್ದೀರಲ್ಲ, ಅದನ್ನ ಒಡ್ದಾಕಿ. ಅದೊಂದ್ ಮಾತ್ಗೇ ನಮ್ಮಪ್ಪ ನನ್ ಕಾಲೇಜ್ ಬುಡುಸ್ಬುಟ್ರು."

ಮೇಷ್ಟ್ರು ಪೆನ್ನು ತೆಗೆದರು. ಕೆಂಪಕ್ಷರ ಹೊಡೆದುಹಾಕಿ, ಪೂರ್ತಿ ಅಂಕ ಕೊಟ್ಟು, ಸಹಿ ಮಾಡಿದರು. "ತಪ್ಪಾಯ್ತಮ್ಮ" ಅಂದರು. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆ ಪೇಪರನ್ನ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ಚಾಚಿದಳು.

"ಸಾ, ಕಾಲೇಜ್ ಸೀಲೂ ಒತ್ಬುಡಿ. ಇಲ್ದಿದ್ರೆ ಈ ಸಹಿನೂ ನಾನೇ ಮಾಡ್ಕಂಡೆ ಅಂತಾರೆ ನಮ್ಮಪ್ಪ."