ಚೀನಾ ಖಳನ ಮೀಸೆ

೧೯೯೬ರಲ್ಲಿ ಬಿ.ಎಸ್ಸಿ. ಮುಗಿಸಿ ಕೂಡ್ಲಿಗಿಯ ಒಂದು ಫೋಟೊ ಸ್ಟುಡಿಯೋ ಸೇರಿದೆ. ಬೇರೆಯವರ ಮುಖ ತಿದ್ದುವ ಕೆಲಸದಲ್ಲಿ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ.

೧. ಪುಸ್ತಕ

ಮಾಲೀಕರಾದ ಸಾಹೇಬರು ರದ್ದಿ ಅಂಗಡಿಯಿಂದ ಚೀನೀ ಚಿತ್ರಕಥೆಯ ಪುಸ್ತಕವೊಂದನ್ನು ತಂದರು. ಓದಲು ಇಬ್ಬರಿಗೂ ಬರದು. ನಾನು ಚಿತ್ರಗಳನ್ನು ಪುಟ ಪುಟವಾಗಿ ನೋಡಿದೆ. ಒಬ್ಬ ನುಣುಪು ಮುಖದವ. ಸದಾ ನಡುವೆ, ಬೆಳಕಿನಲ್ಲಿ. ಇನ್ನೊಬ್ಬ ಗೂನು ಬೆನ್ನಿನವ, ಸದಾ ಮೂಲೆಯಲ್ಲಿ. ದೀಪ ಅವನ ಗದ್ದದ ಕೆಳಗೆ, ಕಣ್ಣು ಗುಳಿಯೊಳಗೆ, ಇಲಿ ಬಾಲದಂಥ ಮೀಸೆ. ನೆರಳು ಅವನಿಗಿಂತ ದೊಡ್ಡದು.

"ಇವನೇ ಖಳ" ಎಂದೆ.

"ಮೀಸಿ ಇದ್ದಾವ ಖಳ, ಇಲ್ಲದಾವ ಹೀರೊ? ಎಲ್ಲಿ ಕಲ್ತಿಯಪಾ ಸೈನ್ಸು? ಮೀಸಿ ಇದ್ದಾವನ ಹೀರೊ!" ಎಂದರು ಸಾಹೇಬರು.

೨. ದೀಪ

ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬ ಹೆಣ್ಣಿನ ಕಡೆಯವರಿಗೆ ಕಳಿಸಲು ಫೋಟೊ ತೆಗೆಸಲು ಬಂದ. ಮೀಸೆಯೇ ಮೂಡದ ಮುಖ. "ಹುಡುಗ ಇನ್ನೂ ಸಣ್ಣಾಂವ" ಎಂದು ಹಿಂದಿನ ಸಂಬಂಧಗಳೆಲ್ಲ ತಪ್ಪಿದ್ದವು. ಇದೂ ತಪ್ಪಿದರೆ ತಮ್ಮನಿಗೇ ಮೊದಲು ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದ.

"ಹೀರೊ ಮಾಡ್ತೀನಿ, ಕುಂದರು" ಎಂದ ಸಾಹೇಬರು ಪುಸ್ತಕದಲ್ಲಿ ಆ ಮೀಸೆಯವನ ಪುಟ ತೆರೆದಿಟ್ಟು, ದೀಪವನ್ನು ನೆಲಕ್ಕಿಳಿಸಿದರು.

ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಪ್ರಿಂಟ್ ಮೂಡತೊಡಗಿತು. ಮೊದಲು ಗೋಡೆಯ ಮೇಲಿನ ನೆರಳು ಬಂತು. ಆಮೇಲೆ ಕಣ್ಣಿನ ಗುಳಿಗಳು. ಮುಖ ಕೊನೆಗೆ. ರಾಸಾಯನಿಕದ ತಟ್ಟೆ ಅಲುಗಿದಾಗ ಅದು ನಕ್ಕಂತಾಯಿತು. ನಾನು ಕೈ ಹಿಂದಕ್ಕೆಳೆದುಕೊಂಡೆ.

ಒಣಗಿದ ಮೇಲೆ ಸಾಹೇಬರು ಕಪ್ಪು ಶಾಯಿಯಲ್ಲಿ ಮೀಸೆ ಎಳೆದರು. ದೂರ ಹಿಡಿದು ನೋಡಿದರು.

"ಲೇ, ಇದನ್ನ ಬೋರಲ ಇಡು. ನಾ ಊಟ ಮಾಡಬೇಕು."

೩. ಹೆಣ್ಣಿನ ಮನೆ

ಫೋಟೊ ಹರಪನಹಳ್ಳಿಗೆ ಹೋಯಿತು. ಎಲ್ಲಿ ನಿಂತರೂ ಅದು ತನ್ನನ್ನೇ ನೋಡುತ್ತದೆಂದು ಹುಡುಗಿಯ ಅಜ್ಜಿ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟರಂತೆ. ಆದರೂ ಹೆಣ್ಣು ನೋಡಲು ಕರೆ ಬಂತು. "ಫೋಟೊ ತಗದವರು ನೀವು, ಬರ್ರಿ" ಎಂದು ವರ ನಮ್ಮಿಬ್ಬರನ್ನೂ ಎಳೆದೊಯ್ದ.

ಅಜ್ಜಿ ವರನನ್ನು ದಾಟಿ ಬಾಗಿಲ ಕಡೆ ನೋಡಿದರು. "ನೀ ಕುಂದ್ರಪಾ. ನಿಮ್ಮಣ್ಣ ಎಲ್ಲಿ ಅದಾನ?"

"ಆ ಫೋಟೊದಾಗಿರೋದು ನಾನ ರೀ."

"ಸದ್ಯ ಉಳದ್ವಿ" ಎಂದು ಅಜ್ಜಿ ಉಸಿರು ಬಿಟ್ಟರು.

ಹುಡುಗಿ ಒಳಗಿಂದ ಬಂದಳು. ಫೋಟೊ ತಿರುಗಿಸಿ ನೋಡಿದಳು, ವರನನ್ನು ನೋಡಿದಳು.

"ನಾ ಒಪ್ಪಿದ್ದು ಫೋಟೊದಾಗಿನಾವನ್ನ. ಆ ಮೀಸಿ ಬರಲಿ, ಆಮ್ಯಾಲೆ ಮುಹೂರ್ತ ನೋಡ್ರಿ."

ಸಾಹೇಬರು ನನ್ನ ಕಡೆ ತಿರುಗಿ, "ನೋಡಿದೇನು? ಹೀರೊ!" ಎಂದರು.

ಮದುವೆ ಮೂರು ತಿಂಗಳು ಮುಂದೆ ಹೋಯಿತು. ಆದರೆ ಆಯಿತು. ಮದುವೆಯ ಫೋಟೊ ತೊಳೆದವನು ನಾನೇ. ಭೂತಗನ್ನಡಿ ಹಿಡಿದು ವರನ ತುಟಿಯ ಮೇಲೆ ನೋಡಿದೆ. ಬಲಗಡೆ ಒಂಬತ್ತು ಕೂದಲು, ಎಡಗಡೆ ಏಳು.