ಹನ್ನೊಂದು ಮನೆಗಳ ಸ್ಥಳಪುರಾಣ

ಹನ್ನೊಂದೇ ಮನೆಗಳಿರುವ ಊರಿಗೆ ಮೂರು ಗಂಟೆಯ ಸ್ಥಳಪುರಾಣ ಇರಲು ಸಾಧ್ಯವೇ? ನನ್ನ ಅಕ್ಕನ ಗಂಡನನ್ನು ಕೇಳಿ ನೋಡಿ. ಬೇಡ, ಕೇಳಬೇಡಿ, ಶೂ ಹಾಳಾಗುತ್ತದೆ!

ಭಾವ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ಇಂಜಿನಿಯರ್. ಪೇಟೆಯಲ್ಲಿ ಮನೆ ಕೊಳ್ಳುವುದು ಬಿಟ್ಟು, ಅಂಗಡಿಯಾಗಲಿ ಬಸ್ಸಾಗಲಿ ಇಲ್ಲದ ಈ ಹಳ್ಳಿ ಹಿಡಿದರು. ಪೋಸ್ಟ್‌ಕೋಡ್ ಹಾಕಿ ಮ್ಯಾಪ್ ನಂಬಿ ಹೊರಟರೆ ಕಾರು ಯಾರದೋ ದನದ ಕೊಟ್ಟಿಗೆಯ ಮುಂದೆ ನಿಲ್ಲುತ್ತದೆ. ಟಿವಿಡೇಲ್‌ನ ದೇವಸ್ಥಾನದಲ್ಲಿ ಬಾಲಾಜಿ ದರ್ಶನ ಮುಗಿಸಿ ನಾವೆಲ್ಲ ಅಲ್ಲಿಗೆ ಊಟಕ್ಕೆ ಹೋಗುವುದು ರೂಢಿ. ಆದರೆ ಊಟಕ್ಕೆ ಮೊದಲು ಹೊಲದ ನಡುವಿನ ಕಾಲುದಾರಿಯಲ್ಲಿ ಒಂದು ಸುತ್ತು ಕಡ್ಡಾಯ. ರೇಷ್ಮೆ ಸೀರೆಗೂ ವಿನಾಯಿತಿ ಇಲ್ಲ. ಇಲ್ಲಿ ಗಿರಣಿ ಇತ್ತು ಎನ್ನುತ್ತಾರೆ, ಇರುವುದು ತುರಿಕೆ ಗಿಡ. ಅಲ್ಲಿ ಕಮ್ಮಾರನ ಕುಲುಮೆ ಎನ್ನುತ್ತಾರೆ, ಕಾಣುವುದು ಕುರಿ. ಆ ಊರಿನಲ್ಲಿ ಇರುವುದಕ್ಕಿಂತ ಇದ್ದದ್ದೇ ಜಾಸ್ತಿ! ಹಳ್ಳ ಮೊದಲು ಯಾವ ಕಡೆ ಹರಿಯುತ್ತಿತ್ತು ಎಂಬುದು, ಹೊಟ್ಟೆ ತಾಳ ಹಾಕುವಾಗ ಯಾರಿಗೆ ಬೇಕು ಹೇಳಿ?

ಇದನ್ನೆಲ್ಲ ಭಾವನಿಗೆ ಹೇಳಿದ್ದು ಪಕ್ಕದ ಮನೆಯ ತೊಂಬತ್ತರ ಅಜ್ಜಿ. ಇಂಗ್ಲಿಷರು ಹವಾಮಾನ ಬಿಟ್ಟು ಬೇರೆ ಮಾತಿಗೆ ಬರಲು ಎರಡು ವರ್ಷ ಹಿಡಿಯುತ್ತದೆ. ಭಾವ ಮೊದಲ ದಿನವೇ, ನಮ್ಮ ಕರಾವಳಿಯ ಕ್ರಮದಂತೆ, ನಿಮ್ಮ ತಾಯಿಮನೆ ಯಾವುದು, ಅವರ ಗದ್ದೆ ಯಾವ ಕಡೆ ಎಂದು ವಿಚಾರಿಸಿಬಿಟ್ಟರಂತೆ. ಅಕ್ಕ ನಾಚಿಕೆಯಿಂದ ಒಳಗೆ ಓಡಿದಳು. ಅಜ್ಜಿ ಮಾತ್ರ ಮೂರು ಸಲ ಚಹಾ ಕೊಟ್ಟು ಹೇಳಿದ್ದೇ ಹೇಳಿದ್ದು.

ಕಳೆದ ವರ್ಷ ಹೊಲ ಕೊಂಡ ಹೊಸಬ ಕಾಲುದಾರಿಗೆ ತಂತಿಬೇಲಿ ಹಾಕಿದ. ಕೌನ್ಸಿಲ್ ನಕ್ಷೆಯಲ್ಲಿ ಆ ದಾರಿಯೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಜನ ಅಲ್ಲಿ ನಡೆದಿದ್ದಾರೆ ಎಂದು ನಡೆದವರೇ ಬರೆದುಕೊಡಬೇಕು, ಇಲ್ಲವಾದರೆ ದಾರಿ ಹೋದಂತೆಯೇ. ಭಾವ ನೀರುದೋಸೆ ಹಿಡಿದು ಮನೆಮನೆ ಸುತ್ತಿದರು. ಒಬ್ಬರ ಮುಖ ಒಬ್ಬರು ನೋಡದವರೂ ಬರೆದುಕೊಟ್ಟರು. ತಾನು ಶಾಲೆಗೆ ಹೋಗುತ್ತಿದ್ದ ದಾರಿ ಅದೇ ಎಂದು ಅಜ್ಜಿ ಸಹಿ ಹಾಕಿದರು. ನಾನೂ ಒಂದು ಫಾರ್ಮ್ ತುಂಬಿದೆ. ಎಷ್ಟು ಸಲ ನಡೆದಿದ್ದೀರಿ ಎಂಬಲ್ಲಿ ‘ಹಸಿವಾದಾಗಲೆಲ್ಲ’ ಎಂದು ಬರೆದೆ. ಭಾವ ಅದನ್ನು ನನ್ನೆದುರೇ ಹರಿದು ಹಾಕಿದರು.

ಮೊನ್ನೆ ಕೌನ್ಸಿಲ್‌ನಿಂದ ಪತ್ರ ಬಂತು, ದಾರಿ ಉಳಿಯಿತು. ನಾವು ಹೋದಾಗ ಬೇಲಿ ಕಿತ್ತ ಜಾಗದಲ್ಲಿ ಭಾವ ನಿಂತಿದ್ದರು. ಗೆದ್ದಿರಲ್ಲ, ಇನ್ನಾದರೂ ಬೇಗ ಊಟ ಹಾಕಿ ಎಂದು ಕೆಣಕಿದೆ. ಅವರು ನಗಲಿಲ್ಲ.

“ನಮ್ಮೂರನ್ನು ಫ್ಯಾಕ್ಟರಿಗೆ ತಗೊಳ್ಳುವಾಗ ಆಫೀಸರು ಮನೆಗೆ ಬಂದಿದ್ರು ಮಾರಾಯ. ದೈವಸ್ಥಾನಕ್ಕೆ ಹೋಗುವ ದಾರಿ ಯಾವ ಕಾಲದ್ದು ಅಂತ ಕೇಳಿದ್ರು. ಮನೆಯಲ್ಲಿ ಓದಿದವ ನಾನೊಬ್ಬನೇ. ಅಪ್ಪ ನನ್ನ ಮುಖ ನೋಡಿದ್ರು. ನನಗೆ ಎಂತದೂ ಗೊತ್ತಿರ್ಲಿಲ್ಲ. ದಾರಿ ಫ್ಯಾಕ್ಟರಿ ಒಳಗೆ ಹೋಯ್ತು.”

ಇಷ್ಟು ವರ್ಷ ಇವರನ್ನು ನೋಡಿ ನಕ್ಕೆನಲ್ಲ ಎಂದು ನಾಚಿಕೆಯಾಯಿತು.

“ಆ ದಾರಿ ಹೇಗಿತ್ತು ಭಾವ?” ಎಂದು ಕೇಳಿದೆ.

ಅಕ್ಕ ಎರಡು ಸಲ ಊಟಕ್ಕೆ ಕರೆದಳು. ಭಾವ ಇನ್ನೂ ಹೇಳುತ್ತಲೇ ಇದ್ದರು, ನಾನು ಕೇಳುತ್ತಲೇ ಇದ್ದೆ.