ಷಡ್ಡಕರಿಗೆ ತಿಳಿಯದ ಮೂರು ಸಾಲು

ನಮ್ಮ ಷಡ್ಡಕರು ಯಾರ ಮನೆಗೆ ಹೋದರೂ ಮೊದಲು ಕೇಳುವುದು ನೀರನ್ನಲ್ಲ, ಪಾಸ್‌ಬುಕ್ಕನ್ನು. ನೀವು ನಂಬಲಿಕ್ಕಿಲ್ಲ. ಅವರು ನನ್ನ ಹೆಂಡತಿಯ ಅಕ್ಕನನ್ನು ಮದುವೆಯಾಗಿರದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೂವತ್ತು ವರ್ಷ ಗದಗ–ಮುಂಡರಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಗಲಲ್ಲಿ ಯಾರದೋ ಕುರಿಮರಿ, ಕಾಲ ಮೇಲೆ ಯಾರದೋ ಉಳ್ಳಾಗಡ್ಡಿ ಚೀಲ ಇದ್ದಾಗಲೂ, ಕುಲುಕುವ ಬಸ್ಸಿನಲ್ಲಿ ಇರುವೆಯಂಥ ಅಕ್ಷರ ಓದಿ ಪಳಗಿದ ಕಣ್ಣು. ನಿವೃತ್ತರಾದ ಮೇಲೆ ಆ ಕಣ್ಣಿಗೆ ಕೆಲಸ ಬೇಕಲ್ಲ? ಮಂದಿಯ ಬ್ಯಾಂಕಿನ ಕಾಗದ ಓದಲು ಹಿಡಿದರು. ಬೆಟಗೇರಿಯಲ್ಲಿ ಅವರ ಮನೆಯ ಕಟ್ಟೆಗೆ ಮುಂಜಾನೆ ಹೋಗಿ ನೋಡಿ. ಓಣಿಯ ಮಂದಿ ದವಾಖಾನೆಗೆ ಬಂದಂತೆ ಪಾಸ್‌ಬುಕ್ ಹಿಡಿದು ಕುಳಿತಿರುತ್ತಾರೆ. ರೊಕ್ಕ ಕಟ್ ಆದ ಸಾಲಿನ ಮೇಲೆ ಬೆರಳಿಟ್ಟು, ಇಲ್ಲೇ ನೋಯುತ್ತದೆ ಎನ್ನುವಂಥ ಮುಖ ಮಾಡುತ್ತಾರೆ.

ಅದರಲ್ಲೂ ವಾಹನದ ಸಾಲು ಬಂದರೆ ಇವರಿಗೆ ಹಬ್ಬ. ಲಕ್ಕುಂಡಿಯ ಅಂಗಡಿಕಾರರೊಬ್ಬರು ಒಮ್ಮೆ ಅಳುವ ದನಿಯಲ್ಲಿ ಬಂದಿದ್ದರು. ಕಾರು ಶೆಡ್ಡು ಬಿಟ್ಟು ಕದಲಿಲ್ಲ, ಆದರೂ ಟೋಲಿನ ರೊಕ್ಕ ನಾಲ್ಕು ಸಲ ಹೋಗಿದೆ, ಯಾರೋ ಲೂಟಿ ಮಾಡುತ್ತಿದ್ದಾರೆ ಎಂದು. ಷಡ್ಡಕರು ಕಾಗದವನ್ನು ಬಿಸಿಲಿಗೆ ಹಿಡಿದರು, ಮೂಸಿದರು (ಹೌದು, ಮೂಸುತ್ತಾರೆ), ಕೇಳಿದ್ದು ಒಂದೇ ಮಾತು: "ನಿಮ್ಮ ಅಳ್ಯಾ ಹೋದ ಐತವಾರ ಎಲ್ಲಿದ್ದ?" ಅಳಿಯ ಮಾವನ ಕಾರಿನಲ್ಲಿ ಗೋವಾಕ್ಕೆ ಹೋಗಿ ಬಂದಿದ್ದ.

ಇನ್ನು ನನ್ನ ವಿಷಯ. ನಾನು ಗದಗದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ಮಾಸ್ತರ. ಹೆಸರಿನ ಮುಂದೆ ಎರಡು ಡಿಗ್ರಿ. ಷಡ್ಡಕರು ಮ್ಯಾಟ್ರಿಕ್‌ನಲ್ಲಿ ಡುಮ್ಕಿ ಹೊಡೆದದ್ದು ಯಾವ ವಿಷಯದಲ್ಲಿ ಗೊತ್ತೆ? ಗಣಿತದಲ್ಲಿ! ಆದರೂ ಅಡರಕಟ್ಟಿಯ ನಮ್ಮ ಅತ್ತೆಯ ಮನೆಯಲ್ಲಿ ಮೊದಲ ರೊಟ್ಟಿ, ಅದರ ಮೇಲಿನ ಬೆಣ್ಣೆಯ ಮುದ್ದೆ, ಎರಡೂ ಅವರ ತಾಟಿಗೇ. ಒಮ್ಮೆ ಹೆಂಡತಿಯ ತಮ್ಮನ ಟ್ರ್ಯಾಕ್ಟರಿಗೆ ದಂಡ ಬಿದ್ದಿದೆಯೆಂದು ಮನೆಯೆಲ್ಲ ಗಾಬರಿಯಾಗಿತ್ತು. ಇವರು ಪಾಸ್‌ಬುಕ್ ನೋಡಿ, ಅದು ದಂಡವಲ್ಲ, ಟ್ರೇಲರಿನ ಕಾಗದ ಹೊಸದು ಮಾಡಿಸಿದ ಫೀ ಎಂದರು. ಮಾಡಿಸಿದವನು ಅದೇ ತಮ್ಮ, ಮರೆತವನೂ ಅವನೇ. ಅಂದಿನಿಂದ ಬೆಣ್ಣೆಯ ಮುದ್ದೆ ಇನ್ನಷ್ಟು ದೊಡ್ಡದಾಯಿತು.

ಹೊಟ್ಟೆಕಿಚ್ಚೆ? ಛೇ, ಅಂಥದ್ದೇನಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ, ಅಷ್ಟೇ. ಮನೆಯಲ್ಲಿ ಲೈಟ್ ಬಿಲ್ ಬಂದರೂ ನನ್ನ ಹೆಂಡತಿ, ಭಾವನವರನ್ನು ಒಂದು ಮಾತು ಕೇಳಿ ಎನ್ನುತ್ತಾಳೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವನು ನಾನು. ಭಾವನವರ ಹೆಸರು ಬಂದಾಗ ಆಕೆಯ ಮುಖದಲ್ಲಿ ಮೂಡುವ ಭರವಸೆ ನನ್ನ ಹೆಸರಿಗೆ ಒಮ್ಮೆಯೂ ಮೂಡಿದ್ದು ಕಂಡಿಲ್ಲ.

ಹೀಗಿರುವಾಗ ನನ್ನ ಪಾಸ್‌ಬುಕ್ಕಿನಲ್ಲೇ ಅವು ಬಂದವು, ಮೂರು ಸಾಲು. ಒಂದೊಂದಕ್ಕೂ ಕೆಲವು ವಾರಗಳ ಅಂತರ. ಮೂರರ ಮುಂದೆಯೂ "ಎಂ.ವಿ. ಡಿಪ್ಟ್", ಆಮೇಲೆ ರೈಲಿನಷ್ಟುದ್ದ ಅಂಕಿ. ಎಂ.ವಿ. ಎಂದೊಡನೆ ನನಗೆ ನೆನಪಾದದ್ದು ಬಾಲ್ಯದಲ್ಲಿ ಗಣಿತ ಕಲಿಸಿದ ಎಂ.ವಿ. ಮಾಸ್ತರರು. ಅವರು ಕಿವಿ ಹಿಂಡಿದ್ದುಂಟು, ರೊಕ್ಕ ಕಿತ್ತವರಲ್ಲ. ಮೇಲಾಗಿ ತೀರಿಕೊಂಡು ಬಹಳ ವರ್ಷವಾಗಿದೆ.

ಷಡ್ಡಕರನ್ನು ಕೇಳುವುದೆ? ಪ್ರಾಣ ಹೋದರೂ ಇಲ್ಲ! ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ, ಅದು ಮೋಟಾರು ವಾಹನ ಇಲಾಖೆಗೆ ಕಟ್ಟಿದ ಫೀ, ನಿಮ್ಮ ಕಾರ್ಡಿನಿಂದಲೇ ಹೋಗಿದೆ, ಯಾವುದಕ್ಕೆ ಎಂಬುದು ಅವರಿಗೇ ಗೊತ್ತು ಎಂದಳು. ಆರ್‌ಟಿಒ ಆಫೀಸಿನ ಮುಂದೆ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿದ ಏಜೆಂಟನೊಬ್ಬ ನನ್ನ ಸ್ಕೂಟರಿನ ನಂಬರ್ ಹೊಡೆದು ನೋಡಿದ. ಟ್ಯಾಕ್ಸು ಸರಿಯಿದೆ, ದಂಡವಿಲ್ಲ, ಈ ಗಾಡಿಗಾಗಿ ಇತ್ತೀಚೆಗೆ ಯಾರೂ ಒಂದು ರೂಪಾಯಿ ಕಟ್ಟಿಲ್ಲ ಎಂದ. ಹಾಗಾದರೆ ಯಾವ ಗಾಡಿಗೆ? ನನ್ನ ಹೆಸರಿನಲ್ಲಿ ಯಾರೋ ಲಾರಿ ಕೊಂಡಿದ್ದಾರೆ, ಅದು ಎಲ್ಲೋ ಯಾರಿಗೋ ಗುದ್ದಿದೆ, ಪೊಲೀಸರು ಶಾಲೆಗೇ ಬಂದು ಏಳನೇ ಪಿರಿಯಡ್‌ನಲ್ಲಿ ನನ್ನನ್ನು ಹಿಡಿದೊಯ್ಯುತ್ತಾರೆ ಎಂಬಲ್ಲಿಗೆ ನನ್ನ ಗಣಿತ ಬಂದು ನಿಂತಿತು.

ಸೀಗಿ ಹುಣ್ಣಿಮೆಗೆ ಎಲ್ಲರೂ ಅಡರಕಟ್ಟಿಗೆ ಹೋಗಿದ್ದೆವು. ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಬನ್ನಿ ಗಿಡದ ನೆರಳಿಗೆ ಬುತ್ತಿ ಬಿಚ್ಚಿ ಉಂಡಾಯಿತು. ಹೆದರಿಕೆ ಮಾನಕ್ಕಿಂತ ದೊಡ್ಡದು. ಪಾಸ್‌ಬುಕ್ ತೆಗೆದು ಎಲ್ಲರೆದುರೇ ಷಡ್ಡಕರ ಕೈಗಿಟ್ಟೆ. ಅತ್ತೆ ಕೈ ತೊಳೆಯುವುದನ್ನು ಬಿಟ್ಟು ನೋಡಿದರು. ಹೆಂಡತಿಯ ತಮ್ಮ ಬೀಡಿ ಆರಿಸಿದ. ಷಡ್ಡಕರು ಕಾಗದವನ್ನು ಬಿಸಿಲಿಗೆ ಹಿಡಿದರು. ಮೂಸಲಿಲ್ಲ. ಒಮ್ಮೆ ತಲೆಯೆತ್ತಿ ಬುತ್ತಿ ಗಂಟು ಕಟ್ಟುತ್ತಿದ್ದ ಹೆಂಗಸರ ಕಡೆ ನೋಡಿ, ಮತ್ತೆ ಕಾಗದಕ್ಕೆ ಬಂದರು.

"ಇದು ನನಗ ತಿಳೀವಲ್ದು, ಮಾಸ್ತರ," ಅಂದರು.

ಹೆಂಡತಿಯ ತಮ್ಮನೇ ಮೊದಲು ನಕ್ಕು, ಭಾವನವರ ಕಣ್ಣಿಗೆ ವಯಸ್ಸಾಯಿತು ಎಂದ. ಷಡ್ಡಕರು ಹೌದೆಂದು ತಲೆಯಾಡಿಸಿ ಚಸ್ಮಾ ತೆಗೆದು ಕಿಸೆಗಿಟ್ಟುಕೊಂಡರು. ಸುಳ್ಳೇಕೆ ಹೇಳಲಿ? ನನ್ನ ರೊಕ್ಕ ಹೋದದ್ದು, ಲಾರಿ, ಪೊಲೀಸರು, ಎಲ್ಲ ಮರೆತು ಇನ್ನೂ ಎರಡು ಎಣ್ಣೆ ಹೋಳಿಗೆ ತಿಂದೆ! ಮರಳುವಾಗ ಸ್ಕೂಟರಿನ ಮೇಲೆ ಹಾಡು ಗುನುಗಿದೆ. ಹಿಂದೆ ಕುಳಿತ ಹೆಂಡತಿ ಗದಗ ಬರುವವರೆಗೂ ತುಟಿ ಬಿಚ್ಚಲಿಲ್ಲ. ಭಾವನ ಸೋಲು ಆಕೆಗೆ ನುಂಗಲಾಗಿಲ್ಲವೆಂದು ನಾನು ಇನ್ನೊಂದು ಹಾಡು ಎತ್ತಿಕೊಂಡೆ. ಮುಂದಿನ ಕೆಲವು ದಿನ ಬೆಟಗೇರಿಯ ಸುದ್ದಿಯನ್ನು ಬೇಕೆಂದೇ ವಿಚಾರಿಸಿದೆ. ಮಂದಿ ಕಡಿಮೆಯಾಗಿದ್ದರು. ಅಡರಕಟ್ಟಿಯ ಮಾತು ಅಲ್ಲಿಗೂ ಮುಟ್ಟಿತ್ತು. ಮುಟ್ಟಿಸಿದವರಲ್ಲಿ ನಾನೂ ಒಬ್ಬ.

ಹನ್ನೆರಡು ದಿನದ ಮೇಲೆ, ಶಾಲೆಗೆ ಸೂಟಿಯಿದ್ದ ಒಂದು ದಿನ, ಅಂಚೆಯವನು ದಪ್ಪ ಲಕೋಟೆ ಕೊಟ್ಟು ಸಹಿ ಹಾಕಿಸಿಕೊಂಡ. ಒಡೆದರೆ ಹೊಚ್ಚ ಹೊಸ ಡ್ರೈವಿಂಗ್ ಲೈಸನ್ಸ್. ಫೋಟೋದಲ್ಲಿ, ಮದುವೆಯ ದಿನದಷ್ಟೇ ಗಾಬರಿಯ ಕಣ್ಣು ಮಾಡಿಕೊಂಡು, ನನ್ನ ಹೆಂಡತಿ.

ಮೂರು ಸಾಲು ಒಮ್ಮೆಲೇ ಓದಲು ಬಂದವು. ಮೊದಲನೆಯದು ಕಲಿಯುವವರ ಲೈಸನ್ಸಿಗೆ, ಎರಡನೆಯದು ಪರೀಕ್ಷೆಗೆ, ಮೂರನೆಯದು ಈ ಕಾರ್ಡಿಗೆ. ಗಾಡಿಯ ಫೀ ಅಲ್ಲ, ಗಾಡಿ ಹೊಡೆಯುವವಳ ಫೀ. ಏಜೆಂಟನಿಗೆ ನನ್ನ ಸ್ಕೂಟರಿನ ನಂಬರಿನಲ್ಲಿ ಸಿಗುವುದಾದರೂ ಹೇಗೆ?

ಅಡುಗೆಮನೆಗೆ ಹೋಗಿ ಕಾರ್ಡು ತೋರಿಸಿದೆ. ಆಕೆ ಹಿಟ್ಟಿನ ಕೈ ಒರೆಸಿಕೊಂಡು ಬಹಳ ಹೊತ್ತು ತನ್ನ ಫೋಟೋವನ್ನೇ ನೋಡಿದಳು.

"ಬ್ಯಾಸಗ್ಯಾಗ ಮುಂಡರಗಿ ರೋಡಿನ್ಯಾಗ ಗಾಡಿ ಎರಡ ಸಲ ವಾಲಿತಲ್ಲರಿ. ಗಾಳಿ ಅಂದ್ರಿ ನೀವು. ಅವತ್ತ ಎಲಿ ಸೈತ ಅಳ್ಳಾಡ್ತಿರಲಿಲ್ಲ. ನಿಮ್ಮ ತಲಿ ಗಿರ್ ಅಂದಿತ್ತು."

ಗಿರ್ ಅಂದದ್ದು ನಿಜ. ಯಾರಿಗೂ ಹೇಳಿರಲಿಲ್ಲ.

"ನಾ ಹೊಡಿತೀನಿ, ಕೀಲಿ ಕೊಡ್ರಿ ಅಂದಿದ್ರ ಕೊಡತಿದ್ರೇನು? ಅದಕ್ಕ ಕಾರ್ಡ್ ಬರೋತನಕ ಹೇಳಬ್ಯಾಡ್ರಿ ಅಂತ ಭಾವನವರ ಕಡೆ ಆಣಿ ಮಾಡಿಸ್ಕೊಂಡಿದ್ದೆ."

ನಾನು ಶಾಲೆಗೆ ಹೋದ ಮೇಲೆ ಬೆಟಗೇರಿಯ ಬಯಲಿನಲ್ಲಿ, ಆಕೆಗೆ ಕಲಿಸಲು ತಮ್ಮ ಮಗಳ ಸ್ಕೂಟಿಯ ಹಿಂದೆ ಎರಡು ತಿಂಗಳು ಓಡಿದವರು ಅರವತ್ತು ದಾಟಿದ ಷಡ್ಡಕರು. ಫೀ ಕಟ್ಟಿದ್ದು ಕಪಾಟಿನಲ್ಲಿದ್ದ ನನ್ನ ಬ್ಯಾಂಕಿನ ಕಾರ್ಡಿನಿಂದ. ಅದು ಪಾಸ್‌ಬುಕ್ಕಿನಲ್ಲಿ ಮೂಡುತ್ತದೆಂಬುದು ಆಕೆಗೆ ಹೊಳೆದಿರಲಿಲ್ಲ.

ಸಂಜೆ ಇಬ್ಬರೂ ಬೆಟಗೇರಿಗೆ ಹೋದೆವು. ಹೋಗುವಾಗ ನಾನೇ ಹೊಡೆದೆ. ಹಟ ಅಷ್ಟು ಬೇಗ ಹೋಗುತ್ತದೆಯೇ? ಷಡ್ಡಕರು ಖಾಲಿ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ನಾಳೆಯೇ ಅಡರಕಟ್ಟಿಗೆ ಹೋಗಿ ಎಲ್ಲರೆದುರು ನಿಜ ಹೇಳುತ್ತೇನೆ ಅಂದೆ. ಅದೆಲ್ಲ ಬೇಡವೆಂದರು. "ಅವತ್ತ ಹಂಗ್ಯಾಕ ಅಂದ್ರಿ, ಅಣ್ಣಾರ?" ಎಂದು ನಾನು ಕೇಳಿದರೆ, "ಡಾಕ್ಟರ್ ಕಡೆ ತಲಿ ತೋರಿಸ್ಕೊಂಡ್ರೇನು ಮೊದ್ಲ ಹೇಳ್ರಿ," ಎಂದರು.

ನಿಮ್ಮೆದುರು ಮುಚ್ಚಿಡುವುದೇನು, ಹೊಟ್ಟೆಕಿಚ್ಚು ಆಗಲೂ ಹೋಗಿರಲಿಲ್ಲ. ಹೆಂಡತಿ ತನ್ನ ಭಯವನ್ನು ನನಗಿಂತ ಮೊದಲು ಅವರಿಗೆ ಹೇಳಿದ್ದಳಲ್ಲ! ಆದರೂ ಹೊರಡುವಾಗ ಕೀಲಿಯನ್ನು ಆಕೆಯ ಕೈಗೆ ಕೊಟ್ಟೆ. ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ನಾನು ಎಂದೂ ಕುಳಿತವನಲ್ಲ. ಹತ್ತಿದೆನೇನೋ ಹೌದು, ಕಾಲು ಎಲ್ಲಿಡಬೇಕೆಂದು ಗೊತ್ತಾಗದೆ ಎರಡೂ ಕಡೆ ಜೋತುಬಿಟ್ಟುಕೊಂಡು ಕುಳಿತೆ. ಷಡ್ಡಕರು ಕಟ್ಟೆಯಿಂದ ಇಳಿದು ಬಂದು, ಮೊಣಕಾಲು ಹಿಡಿದುಕೊಂಡು ಬಗ್ಗಿದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಹಿಂದೆ ಕೂತವರು ಕಾಲಿಡಲೆಂದು ಬದಿಗೆ ಮಡಚಿದ್ದ ಕಾಲುಮಣೆ ಬಿಚ್ಚಿ, ನನಗಿಂತ ಎಂಟು ವರ್ಷ ದೊಡ್ಡವರು, ನನ್ನ ಪಾದವನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಇಟ್ಟರು. ಆಮೇಲೆ ಸುತ್ತಿ ಬಂದು ಇನ್ನೊಂದು ಪಾದವನ್ನೂ.